ಹಂಪಾಪುರದಲ್ಲಿ ಹುಟ್ಟಿದ ಮೇ ದಿನ

ಎತ್ತು ಈಯಿತು ಅಂದರೆ ಜಿನೀವಾಕ್ಕೆ ಫೋನು ಮಾಡು ಅಂದರಂತೆ.

ಗಾದೆ ಹೀಗಲ್ಲ, ‘ಕೊಟ್ಟಿಗೆಗೆ ಕಟ್ಟು ಅಂದರಂತೆ’ ಎನ್ನಬೇಕು ಎಂದು ತಿದ್ದಲು ಬಾಯಿ ತೆರೆದವರು ಸ್ವಲ್ಪ ತಡೆಯಿರಿ. ಹಂಪಾಪುರದಲ್ಲಿ ಗಾದೆ ಹೀಗೇ. ಅದು ಹೀಗಾದದ್ದು ಹೇಗೆ ಎಂಬುದು ಈ ಕತೆ, ಮತ್ತು ಇದು ನಡೆದ ಕತೆ. ನಂಬಿಕೆ ಬಾರದವರು ಯಶೋದಮ್ಮನ ಅಂಗಡಿಯಲ್ಲಿ ಕೇಳಬಹುದು. ಟೀ ಕುಡಿದು ಕೇಳಬೇಕು. ಬರಿಬಾಯಲ್ಲಿ ಕೇಳಿದವರಿಗೆ ಆಕೆ ಬಸ್ಸಿನ ಟೈಮನ್ನೂ ಹೇಳುವುದಿಲ್ಲ.

ಹಂಪಾಪುರದ ಕಂಠಪ್ಪನಿಗೆ ಎರಡು ಎತ್ತುಗಳಿದ್ದವು. ಒಂದರ ಹೆಸರು ಅಮಲ್ದಾರ, ಇನ್ನೊಂದರದು ಶೇಕದಾರ. ಕಂಠಪ್ಪನ ತಾತನ ಕಾಲದಿಂದ ಆ ಮನೆಯಲ್ಲಿ ಯಾವ ಜೋಡಿ ಬಂದರೂ ಇವೇ ಹೆಸರು. ಕಂದಾಯ ವಸೂಲಿಯ ಅಮಲ್ದಾರ, ಶೇಕದಾರರ ಮುಂದೆ ಜೀವಮಾನವೆಲ್ಲ ತಲೆ ತಗ್ಗಿಸಿ ನಿಂತಿದ್ದ ತಾತ, ಹೊಲದಲ್ಲಾದರೂ ‘ನಡಿಯಲಾ ಅಮಲ್ದಾರ, ಏನ್ ಮಲಗಿದ್ದೀಯಾ!’ ಎಂದು ಬಾಯ್ತುಂಬ ಗದರಿಸಲಿಕ್ಕೆ ಇಟ್ಟ ಹೆಸರುಗಳು ಅವು. ತಾತ ಎಂಥ ಆಸಾಮಿ ಎಂಬುದು ಇಷ್ಟರಲ್ಲೇ ಗೊತ್ತಾಗಬೇಕಿತ್ತು. ಕಂಠಪ್ಪನಿಗೆ ಗೊತ್ತಾಗಿರಲಿಲ್ಲ.

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಅದು ಬಸವಣ್ಣನ ವಾರ ಎನ್ನುವುದು ಆ ಸೀಮೆಯ ಎಲ್ಲ ಒಕ್ಕಲು ಮನೆಗಳೂ ಬಲ್ಲ ವಿಷಯ. ಕಂಠಪ್ಪನ ಮನೆಯಲ್ಲಿ ಮಾತ್ರ ಅದಕ್ಕೊಂದು ಬಾಲವಿತ್ತು. ಧಾತು ಸಂವತ್ಸರದ ದೊಡ್ಡ ಬರ ಕಳೆದು ಒಂದಷ್ಟು ವರ್ಷಕ್ಕೆ, ತಾತ ಇನ್ನೂ ಮೀಸೆ ಬಾರದ ಹುಡುಗನಾಗಿದ್ದಾಗ, ಹೆಗ್ಗಡದೇವನಕೋಟೆ ಕಾಡಿಗೆ ಶಿಕಾರಿಗೆ ಹೊರಟ ಒಬ್ಬ ಬಿಳಿ ದೊರೆ ಹಂಪಾಪುರದಲ್ಲಿ ಕುದುರೆ ನಿಲ್ಲಿಸಿದನಂತೆ. ಒಳ್ಳೆ ಹದದ ಹೊಲದ ಪಕ್ಕದಲ್ಲಿ ಎತ್ತುಗಳು ಮೆಲುಕು ಹಾಕುತ್ತ ಮಲಗಿದ್ದನ್ನು ಕಂಡು ಕೇಳಿದನಂತೆ:

“ವೆಲ್ಲೂ! ವಾಟ್ ಎತ್ತು? ಮಂಡೇ ನೋ ವರ್ಕ್?”

ತಾತ ಬಸವಣ್ಣನ ವಾರದ ಮಹಿಮೆ ತಿಳಿಸಿದನಂತೆ. ದೊರೆ ಟೋಪಿ ತೆಗೆದು ಎತ್ತುಗಳಿಗೆ ಸಲಾಮು ಹೊಡೆದು, ಕೊಟ್ಟ ರಾಗಿಮುದ್ದೆಯನ್ನು ನುಂಗಲು ಬಾರದೆ ಎಲೆಯಡಿಕೆಯ ಹಾಗೆ ಜಗಿದು ದವಡೆ ಕಚ್ಚಿಕೊಂಡು, “ವೆರಿ ಗುಡ್, ನಮ್ ದೇಶ್ಕೂ ಬೇಕು” ಎಂದು ಹೋದನಂತೆ.

ಈ ಕತೆ ಹೇಳುವಾಗಲೆಲ್ಲ ಕಂಠಪ್ಪ ದೊರೆಯ ದನಿಯನ್ನೂ ತೆಗೆಯುತ್ತಿದ್ದ, ತಾತ ತೆಗೆಯುತ್ತಿದ್ದಂತೆಯೇ. ಮೂಗಿನ ಒಂದೇ ಹೊಳ್ಳೆಯಲ್ಲಿ ಹೊರಟು, ಮೇಲ್ದುಟಿಯ ಎಡಮೂಲೆಯಲ್ಲಿ ಜಾರಿ, ಕೊನೆಗೆ ಎತ್ತು ಸೀನಿದ ಹಾಗೆ ‘ವೆಲ್ಲೂ’ ಎಂದು ಸಿಡಿಯುವ ದನಿ. ಆ ದನಿ ತೆಗೆಯುವಾಗ ತನ್ನ ಮುಖ ಏನಾಗುತ್ತದೆಂದು ಕಂಠಪ್ಪ ಕಂಡವನಲ್ಲ. ಯಾರ ಮುಖ ಯಾರಿಗೆ ಕಂಡೀತು? ತಾತನ ಮುಖವನ್ನೂ ಕಂಡಿರಲಿಲ್ಲ. ಅವನು ಕತೆ ಕೇಳಿದ್ದೆಲ್ಲ ಗಾಡಿಯಲ್ಲಿ, ತಾತನ ಬೆನ್ನಿಗೆ ಬೆನ್ನು ಆನಿಸಿ ಕೂತು. ದೊರೆ ಅವನೊಳಕ್ಕೆ ಬಂದದ್ದು ತಾತನ ಬೆನ್ನುಮೂಳೆಯ ಮುಖಾಂತರ.

ಊರಿನವರು ನಗುತ್ತಿದ್ದರು. ಕಂಠಪ್ಪ ಎಂಬ ಹೆಸರು ಎಂದೋ ಬೆಳೆದು ‘ದೊರೆ ಕಂಠಪ್ಪ’ ಆಗಿತ್ತು. ತನ್ನನ್ನು ನಕ್ಕರೆ ಅವನು ಸಹಿಸುತ್ತಿದ್ದ. ತಾತ ಸುಳ್ಳುಬುರುಕ ಎಂದರೆ ಮಾತ್ರ ಅಂದು ರಾತ್ರಿ ಅನ್ನ ಇಳಿಯುತ್ತಿರಲಿಲ್ಲ. ತಾತ ಆಡಿದ್ದು ನಿಜ ಎಂದು ಇಡೀ ಊರಿನ ಮುಂದೆ ಯಾರಾದರೂ ದೊಡ್ಡವರು ಬಂದು ಹೇಳಬೇಕು. ಸಾಯುವುದರೊಳಗೆ ಅದೊಂದು ಆಗಬೇಕು ಎನ್ನುವುದು ಅವನ ಆಸೆ.

ಎರಡು ಸಾವಿರದ ಇಸವಿಯ ಏಪ್ರಿಲ್ ಕೊನೆಯ ವಾರ, ಯಶೋದಮ್ಮನ ಅಂಗಡಿಯ ಬೆಂಚಿನ ಮೇಲೆ ಕಂಠಪ್ಪನ ತಂಗಿ ಮಗ ಮಹೇಂದ್ರ ಪೇಪರು ಓದುತ್ತಿದ್ದ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ಈ ಹುಡುಗನ ಗಂಟಲಿನಲ್ಲಿ ಒಂದು ಜಾತ್ರೆಯೇ ಇತ್ತು. ಕುಕ್ಕರು ಕೂಗಿದ ಹಾಗೆ ಕೂಗಿ ಯಶೋದಮ್ಮನನ್ನು ಒಳಕ್ಕೆ ಓಡಿಸುತ್ತಿದ್ದ; ಕಂಡಕ್ಟರ್ ಸೀಟಿ ಊದಿ ನಿಂತ ಬಸ್ಸನ್ನು ಹೊರಡಿಸುತ್ತಿದ್ದ.

“ಸೋಮವಾರ ಮೇ ಒಂದು. ಸರ್ಕಾರಿ ರಜೆ” ಎಂದ ಮಹೇಂದ್ರ.

“ಅದ್ಯಾವ ದೇವರ ಹಬ್ಬ?” ಎಂದಳು ಯಶೋದಮ್ಮ.

“ದೇವರಿಲ್ಲದ ಹಬ್ಬ ಯಶೋದಕ್ಕ. ದುಡಿಯೋರ ಹಬ್ಬ. ಅಮೆರಿಕಾದ ಶಿಕಾಗೋ ಪಟ್ಟಣದಲ್ಲಿ ನೂರು ವರ್ಷದ ಹಿಂದೆ ಕೂಲಿಯೋರು ಬೀದಿಗಿಳಿದ್ರು. ಎಂಟು ಗಂಟೆ ಕೆಲಸ, ಎಂಟು ಗಂಟೆ ನಿದ್ದೆ, ಇನ್ನೆಂಟು ಗಂಟೆ ನಮ್ಮಿಷ್ಟ ಅಂತ. ಬಾಂಬು ಬಿತ್ತು, ಗುಂಡು ಹಾರಿತು, ಕೆಲವರನ್ನ ಗಲ್ಲಿಗೇರಿಸಿದ್ರು. ಆಮೇಲೆ ಪ್ಯಾರಿಸ್ಸಲ್ಲಿ ಸಭೆ ಸೇರಿ, ಎಲ್ಲ ದೇಶದೋರೂ ಅದೇ ದಿನ ನೆನೆಯೋಣ ಅಂದ್ರು. ನಮ್ಮ ಕಡೆಗೆ ಮದರಾಸಿನ ಸಮುದ್ರದ ದಂಡೆಗೆ ಬಂತು.”

“ಎಂಟು ಗಂಟೆ ನಮ್ಮಿಷ್ಟ ಅಂದ್ರೆ ಅಷ್ಟೊತ್ತು ಏನಪ್ಪಾ ಮಾಡ್ತಾರೆ?” ಎಂದು ಯಶೋದಮ್ಮ ನಿಜವಾಗಿಯೂ ಯೋಚನೆಗೆ ಬಿದ್ದಳು.

ಕಂಠಪ್ಪ ಟೀ ಲೋಟ ಕೆಳಗಿಟ್ಟ. “ಯಾವ್ ಶಿಕಾಗೋನ್ಲಾ? ಶಿಕಾಗೋನೋರ್ಗೆ ಬುದ್ಧಿ ಎಲ್ಲಿಂದ ಬಂತು ಅಂತೀನಿ? ನಮ್ ತಾತ ದೊರೆಗೆ ಯೋಳ್ದ. ದೊರೆ ಓಗಿ ಅವ್ರಿಗ್ ಯೋಳ್ದ. ಎತ್ತಿಗೇ ರಜ ಐತೆ, ಮನ್ಸಂಗ್ಯಾಕಿಲ್ಲ ಅಂತ ಅವ್ರು ಎದ್ದವ್ರೆ. ಸೋಮಾರ, ಮೇ ಒಂದು, ಎರಡೂ ಒಂದೇ ಕಣ್ಲಾ. ಬೇರು ಇಲ್ಲೈತೆ, ಅವ್ರು ಕೊಂಬೆ ಇಡ್ಕಂಡು ಕುಣೀತಾವ್ರೆ!”

“ಅಂದ್ರೆ ಮಾವ, ಮೇ ದಿನ ಹುಟ್ಟಿದ್ದು ಹಂಪಾಪುರದಲ್ಲಿ?”

“ಇನ್ನೇನ್ ಎಗ್ಗಡದೇವನಕೋಟೆಲಾ?”

ಬೆಂಚು ನಕ್ಕಿತು. ಕಂಠಪ್ಪ ಟವೆಲು ಕೊಡವಿ ಎದ್ದು ಹೋದ. ಮಹೇಂದ್ರ ನಗಲಿಲ್ಲ. ಕುಚೋದ್ಯಗಾರ ನಗದೆ ಕೂತರೆ ಊರು ಎಚ್ಚರಾಗಬೇಕು.

ಮರುದಿನ ಬೆಳಿಗ್ಗೆ ಯಶೋದಮ್ಮನ ಅಂಗಡಿಯ ಫೋನು ಹೊಡೆದುಕೊಂಡಿತು. ಎತ್ತಿಕೊಂಡವಳು ರಿಸೀವರನ್ನು ಬಿಸಿ ಪಾತ್ರೆಯ ಹಾಗೆ ದೂರ ಹಿಡಿದಳು. “ಕಂಠಪ್ಪಣ್ಣೋ! ಯಾರೋ ಇಂಗ್ಲೀಷ್ನೋರು! ನಿನ್ನೇ ಕೇಳ್ತಾವ್ರೆ!”

ಕಂಠಪ್ಪ ಓಡಿ ಬಂದು ರಿಸೀವರನ್ನು ತಲೆಕೆಳಗಾಗಿ ಹಿಡಿದ. ಯಶೋದಮ್ಮ ತಿರುಗಿಸಿ ಕೊಟ್ಟಳು.

“ವೆಲ್ಲೂ! ಮಿಸ್ಟರ್ ಕಂಟಾಪ್ಪಾ?”

ಕಂಠಪ್ಪನ ತೋಳಿನ ರೋಮ ನಿಂತವು. ಅದೇ ಹೊಳ್ಳೆ. ಅದೇ ಎಡಮೂಲೆ. ಅದೇ ಸೀನು. ತಾತನ ಬೆನ್ನುಮೂಳೆಯಲ್ಲಿ ಕೇಳಿದ ದೊರೆಯೇ ತಂತಿಯೊಳಗೆ ಕೂತಿದ್ದ.

“ಹಾಮ್ ಮಿಸ್ಟರ್ ರೆಸ್ಟನ್. ಜಿನೀವಾ ಪಟ್ಟಣ. ಸರ್ವರಾಷ್ಟ್ರ ರಜಾ ಮೂಲ ಪತ್ತೆ ಕಮಿಟಿ. ನಿಮ್ ತಾತ, ನಮ್ ತಾತ, ಮೀಟ್ ಮಾಡಿತ್ತು. ವಾಟ್ ಎತ್ತು? ಮಂಡೇ ನೋ ವರ್ಕ್? ಯೆಸ್?”

“ಯೆಸ್ ಸ್ವಾಮಿ! ಯೆಸ್!” ಕಂಠಪ್ಪ ಫೋನಿಗೇ ಕೈ ಮುಗಿದ.

“ಮೇ ಒಂದು ಮಂಡೇ ಕಮಿಟಿ ಬರ್ತದೆ. ಎತ್ತು ನೋಡ್ತದೆ. ಎಲ್ಲಾರು ರೆಸ್ಟ್ ಇರಬೇಕು. ಒಬ್ಬ ವರ್ಕ್ ಮಾಡಿದ್ರೆ, ಹಬ್ಬ ಶಿಕಾಗೋಗೆ ಹೋಯ್ತದೆ.”

ಎಚ್.ಡಿ. ಕೋಟೆಯ ಎಸ್.ಟಿ.ಡಿ. ಬೂತಿನಲ್ಲಿ ಮಹೇಂದ್ರ ರಿಸೀವರ್ ಇಟ್ಟು, ಬಾಯಿಗೆ ತುರುಕಿದ್ದ ಕರ್ಚೀಪು ತೆಗೆದು, ಗೋಡೆಗೆ ಹಣೆ ಚಚ್ಚಿಕೊಂಡು ನಕ್ಕ. ಸೋಮವಾರ ಮಾವ ರಸ್ತೆಬದಿಯಲ್ಲಿ ಎತ್ತುಗಳಿಗೆ ಹಾರ ಹಾಕಿ ಬಾರದ ಕಮಿಟಿಗೆ ಕಾಯುವುದನ್ನು ನೋಡಿ, ಸಂಜೆ ನಿಜ ಹೇಳಿ, ಎರಡು ಬೈಗುಳ ತಿಂದು ಮುಗಿಸುವುದು ಅವನ ಲೆಕ್ಕ.

ಯಶೋದಮ್ಮ ಒಬ್ಬಳೇ ಅನುಮಾನಪಟ್ಟಳು. “ಕಂಠಪ್ಪಣ್ಣ, ಜಿನೀವಾದೋನಿಗೆ ಕನ್ನಡ ಎಂಗ್ ಬಂತು?”

“ಅವರ ತಾತಂಗೆ ನಮ್ ತಾತ ಕಲ್ಸಿದ್ದ” ಎಂದ ಕಂಠಪ್ಪ. ಇಂಥ ಉತ್ತರಕ್ಕೆ ಮರುಪ್ರಶ್ನೆ ಹುಟ್ಟುವುದಿಲ್ಲ.

ಶನಿವಾರ ಭರಣಿ ಮಳೆ ಹೊಲ ನೆನೆಸಿ ಹೋಯಿತು. ಹತ್ತಿ ಬಿತ್ತನೆಗೆ ಎಂಥ ಹದವೆಂದರೆ, ಮಣ್ಣನ್ನು ಉಂಡೆ ಕಟ್ಟಿದರೆ ಉಂಡೆ, ಪುಡಿ ಮಾಡಿದರೆ ಪುಡಿ. ಊರೆಲ್ಲ ಟ್ರ್ಯಾಕ್ಟರು ಹಿಡಿಯಲು ಓಡಾಡುತ್ತಿದ್ದರೆ ಕಂಠಪ್ಪ ಮನೆಯಲ್ಲಿ ಕಾಯಿದೆ ಮಾಡಿದ.

“ಸೋಮಾರ ಈ ಮನೇಲಿ ಯಾರೂ ಕೆಲ್ಸ ಮುಟ್ಟಂಗಿಲ್ಲ. ಒಲೇನೂ ಅಚ್ಚಂಗಿಲ್ಲ.”

ಹೆಂಡತಿ ಪುಟ್ಟತಾಯಮ್ಮ ಮೊರ ಕೆಳಗಿಟ್ಟು ಕೇಳಿದಳು. “ನಾನೂವಾ?”

“ನೀನೂವೆ. ಕಮಿಟಿ ಕಾನೂನು.”

ಪುಟ್ಟತಾಯಮ್ಮ ಮದುವೆಯಾಗಿ ಬಂದಂದಿನಿಂದ ಎತ್ತುಗಳಿಗಿದ್ದ ಸೋಮವಾರ ಅವಳಿಗಿರಲಿಲ್ಲ. ಅವಳು ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದಳು. “ಈ ಕಮಿಟಿಯೋರು ತಿಂಗಳಿಗೊಂದ್ಸಲ ಬರಂಗಾಗ್ಲಪ್ಪ.”

ಸೋಮವಾರ ಬೆಳಿಗ್ಗೆಯೇ ಪುಟ್ಟತಾಯಮ್ಮ ಹೊಸ ಸೀರೆ ಉಟ್ಟು ಯಶೋದಮ್ಮನ ಅಂಗಡಿಯ ಬೆಂಚಿನ ಮೇಲೆ ಯಾರೋ ನೆಂಟರ ಹಾಗೆ ಬಂದು ಕೂತಳು. ಬರುವ ಕಮಿಟಿಗೆ ಊಟ ಯಾರು ಮಾಡುವುದು ಎಂಬ ತೊಡಕು ಎದ್ದಾಗ ಕಂಠಪ್ಪ, ಅತಿಥಿಗೆ ಮಾಡುವುದು ಕೆಲಸವಲ್ಲ, ಧರ್ಮ ಎಂದು ತೀರ್ಮಾನಿಸಿ, ತಾನೇ ಮುದ್ದೆ ತಿರುವಿದ. ಅದರಲ್ಲಿ ಗಂಟುಗಳು ಗೋಲಿಯಷ್ಟಿದ್ದವು. ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಚೆಂಡುಹೂವಿನ ಹಾರ ಹಾಕಿ, ಮೈಸೂರು ರಸ್ತೆಯ ಬದಿಯ ಹೊಂಗೆ ಮರದ ಕೆಳಗೆ ನಿಲ್ಲಿಸಿದ. ಕಮಿಟಿಯವರಿಗೂ ಹಾರಗಳು ತಟ್ಟೆಯಲ್ಲಿದ್ದವು.

ಊರು ಸೇರಿತು. ಬಿಸಿಲು ಏರಿತು. ಕೋಟೆ ಬಸ್ಸು ಹೋಯಿತು, ಹುಣಸೂರಿನ ಹೊಗೆಸೊಪ್ಪಿನ ಲಾರಿ ಹೋಯಿತು. “ಏನ್ ದೊರೆ, ಕಮಿಟಿ ಲಾರಿಲಿ ಓಯ್ತಲ್ಲ!” ಎಂದು ಯಾರೋ ಕೂಗಿದರು. ಕಂಠಪ್ಪ ತಿರುಗಿ ನೋಡಲಿಲ್ಲ. ಹಾರ ಬಾಡುತ್ತ ಬಂದಂತೆ ಅವನ ಕತ್ತೂ ಬಾಡತೊಡಗಿತು. ಬೆಂಚಿನ ಮೇಲಿದ್ದ ಮಹೇಂದ್ರನಿಗೆ ಮೊದಲು ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ಎದ್ದು ಹೋಗಿ ನಿಜ ಹೇಳಿಬಿಡೋಣ ಎಂದು ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದನ್ನು ಹುಡುಕುವಷ್ಟರಲ್ಲಿ ಮೈಸೂರಿನ ಕಡೆಯಿಂದ ತೆರೆದ ಜೀಪೊಂದು ಬಂತು. ಅದರೊಳಗೆ ಬಿಳಿ ಮುಖಗಳು.

ಕಬಿನಿ ಹಿನ್ನೀರಿನ ರೆಸಾರ್ಟಿಗೆ ಆನೆ ನೋಡಲು ಹೊರಟಿದ್ದ ಪ್ರವಾಸಿಗಳು ಅವರು. ಕಂಠಪ್ಪನಿಗೆ ಅದು ತಿಳಿಯುವ ಅಗತ್ಯವಿರಲಿಲ್ಲ. ಅವನು ಬಾರುಕೋಲು ಬೀಸಿ ಎತ್ತುಗಳನ್ನು ರಸ್ತೆಯ ನಡುವಿಗೆ ಹೊಡೆದ. ಜೀಪು ಕಿರುಗುಟ್ಟಿ ನಿಂತಿತು. ಅದೇ ಗಳಿಗೆಗೆ ಶೇಕದಾರ, ವಾರದ ಲೆಕ್ಕ ಚೆನ್ನಾಗಿ ಬಲ್ಲವನು, ಟಾರಿನ ಮೇಲೆ ಮುಂಗಾಲು ಮಡಿಸಿ, ಹಿಂಗಾಲು ಮಡಿಸಿ, ಅಡ್ಡಲಾಗಿ ಮಲಗಿ ಮೆಲುಕು ಹಾಕತೊಡಗಿದ.

ಜೀಪಿನ ಡ್ರೈವರು ಬೀಚನಹಳ್ಳಿಯ ಮಾದೇಶ ಹಾರನ್ ಬಾರಿಸಿದ. “ಯಜಮಾನ್ರೇ, ಎತ್ತು ಎಬ್ಬುಸ್ರೀ! ಬೋಟಿಗೆ ಟೈಮಾಯ್ತು!”

“ಇವತ್ತು ಸೋಮಾರ. ಅವ್ನು ಯಾರ್ ಬಂದ್ರೂ ಏಳಕಿಲ್ಲ” ಎಂದು ಕಂಠಪ್ಪ ಹೆಮ್ಮೆಯಿಂದ ಹೇಳಿ, ಜೀಪಿನವರಿಗೆಲ್ಲ ಹಾರ ಹಾಕಿದ. ಪ್ಯಾಕೇಜಿನಲ್ಲಿ ಇದೂ ಸೇರಿದೆ ಎಂದುಕೊಂಡ ಪ್ರವಾಸಿಗಳು ಇಳಿದು ಬಂದು ಕೈ ಮುಗಿದರು. ಬಿಳಿ ಗಡ್ಡದ ಅಮೆರಿಕಾದ ಮುದುಕ ಒಬ್ಬ, ಜರ್ಮನಿಯ ಗಂಡ ಹೆಂಡತಿ, ಬ್ರೆಜಿಲ್ಲಿನ ಒಬ್ಬ ಹುಡುಗಿ. ಅಮೆರಿಕಾದವನು ಮಲಗಿದ ಶೇಕದಾರನ ಫೋಟೋ ಹಿಡಿದ.

“ಲೋ ಮೈಂದ್ರ! ಬಾರ್ಲಾ ಇಲ್ಲಿ. ಬಿ.ಎ. ಓದಿದ್ದು ಇನ್ಯಾತಕ್ಕೆ? ಕೇಳು, ಇವತ್ತು ಇವ್ರ ದೇಶ್ದಲ್ಲಿ ರಜವಾ ಅಂತ.”

ಮಹೇಂದ್ರ ಒಂದೇ ಚಪ್ಪಲಿಯಲ್ಲಿ ಬಂದ. ಅವನ ಹಣೆಯಲ್ಲಿ ಬೆವರು. ಕೇಳಿದ. ಜರ್ಮನಿಯವರು ಹೌದು, ರಜೆ ಎಂದರು. ಬ್ರೆಜಿಲ್ ಹುಡುಗಿ ತಮ್ಮಲ್ಲೂ ರಜೆ, ಅಪ್ಪ ಇವತ್ತು ಮೆರವಣಿಗೆಗೆ ಹೋಗುತ್ತಾನೆ ಎಂದಳು. ಒಂದೊಂದು ಹೌದಿಗೂ ಕಂಠಪ್ಪ ತೊಡೆ ತಟ್ಟಿ ಜನರ ಕಡೆ ನೋಡಿದ.

ಅಮೆರಿಕಾದ ಮುದುಕ ತಲೆಯಾಡಿಸಿದ. ತಮ್ಮಲ್ಲಿ ಇವತ್ತು ರಜೆ ಇಲ್ಲ, ದುಡಿಯುವವರ ದಿನ ಸೆಪ್ಟೆಂಬರಿನಲ್ಲಿ ಎಂದ.

“ಮಾವ, ಇವರಲ್ಲಿ ಇವತ್ತು ರಜೆ ಇಲ್ವಂತೆ. ಶಿಕಾಗೋ ಇರೋದು ಇವರ ದೇಶದಲ್ಲೇ” ಎಂದ ಮಹೇಂದ್ರ. ಇಲ್ಲಿಗೆ ನಾಟಕ ಮುಗಿಯಲಿ ಎಂದು ಅವನ ಆಸೆ.

ಊರೆಲ್ಲ ಅವನ ಮಾವನ ಕಡೆ ತಿರುಗಿತು. ಕಂಠಪ್ಪ ಒಂದು ಗಳಿಗೆ ಕಣ್ಣು ಮುಚ್ಚಿದ. ತೆರೆದಾಗ ಅವು ದೀಪಗಳಾಗಿದ್ದವು.

“ಕೇಳ್ರಪ್ಪಾ ಎಲ್ಲಾ! ಹುಟ್ದೂರಲ್ಲೇ ಹಬ್ಬ ಇಲ್ಲ ಅಂದ್ರೆ ಏನರ್ಥ? ಅಲ್ಲಿ ಹುಟ್ಟೇ ಇಲ್ಲ ಅಂತ! ಹೆತ್ತ ತಾಯಿ ಮಗೀಗೆ ಹೆಸರಿಡಕಿಲ್ವಾ? ಹಬ್ಬ ಎಲ್ಲಿ ವಾರಾ ವಾರಾ ನಡೀತದೋ ಅಲ್ಲೇ ಹುಟ್ಟಿರೋದು!”

ಎಂದೂ ಅವನ ಮಾತಿಗೆ ಕೈ ತಟ್ಟದ ಹಂಪಾಪುರ ಅವತ್ತು ತಟ್ಟಿತು. ಯಾಕೆ ತಟ್ಟುತ್ತಿದ್ದಾರೆಂದು ತಿಳಿಯದೆ ಜರ್ಮನಿಯವರೂ ತಟ್ಟಿದರು.

ಆಮೇಲೆ ಮುದ್ದೆ ಬಂತು. ದೊರೆ ಜಗಿದು ದವಡೆ ಕಚ್ಚಿಕೊಳ್ಳುವುದನ್ನು ಕಾಣಲು ಕಂಠಪ್ಪ ಎದುರಿಗೇ ಕುಕ್ಕರಗಾಲಲ್ಲಿ ಕೂತ. ಅಮೆರಿಕಾದವನು ಹಿಂದೆಯೂ ಈ ಕಡೆ ಬಂದು ಹೋದವನು. ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗಂಟು ಸಮೇತ ಗುಳುಂ ಎಂದು ನುಂಗಿದ. ಕಂಠಪ್ಪನ ಹುಬ್ಬು ಒಂದಿಷ್ಟು ಗಂಟಾಯಿತು.

ನುಂಗಿ ನೀರು ಕುಡಿದು ಮುದುಕ ಮಾತಾಡಿದ. ತಗ್ಗಿದ ದನಿ, ಮೆತ್ತಗಿನ ಮಾತು. ತನ್ನ ತಾತನೂ ಒಕ್ಕಲು ಮಗ, ಹೇಸರಗತ್ತೆ ಹೂಡಿ ಉಳುತ್ತಿದ್ದ, ಭಾನುವಾರ ಹೂಡುತ್ತಿರಲಿಲ್ಲ. ಆ ಕತ್ತೆಗಳಿಗೂ ವಾರ ಗೊತ್ತಿತ್ತು, ಭಾನುವಾರ ಮನೆಗೇ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ ಎಂದ. ಮಹೇಂದ್ರ ಕನ್ನಡದಲ್ಲಿ ಹೇಳಿದ. ಮಾತೇನೋ ಒಳ್ಳೆಯದೇ. ಆದರೆ ಕಂಠಪ್ಪ ಮಾತು ಕೇಳುತ್ತಿರಲಿಲ್ಲ, ದನಿ ಕೇಳುತ್ತಿದ್ದ.

“ಇವ್ರ್ಯಾಕ್ಲಾ ಬಾಯಲ್ಲಿ ಬೆಲ್ಲ ಇಟ್ಕಂಡೋರಂಗೆ ಮಾತಾಡ್ತಾರೆ? ದೊರೆ ಥರ ಮಾತಾಡಕ್ ಯೋಳು.”

“ಇವರು ಮಾತಾಡೋದೇ ಹಿಂಗೆ ಮಾವ.”

“ಸುಳ್ಳು. ಫೋನ್ನಲ್ಲಿ ಮಾತಾಡಿದೋರ್ಯಾರು? ರೆಸ್ಟನ್ ಸಾಹೇಬ್ರೆಲ್ಲಿ?” ಕಂಠಪ್ಪ ಜರ್ಮನಿಯವರ ಬಾಯಿಗೂ ಕಿವಿ ಹಿಡಿದು ನೋಡಿದ. ಯಾರ ಹೊಳ್ಳೆಯೂ ಸೀನಲಿಲ್ಲ. ಅವನ ಮುಖ ಕಪ್ಪಿಟ್ಟಿತು. “ಲೋ, ಇವ್ರು ನಕಲಿ ಕಣ್ಲಾ! ಮುದ್ದೆ ಜಗೀಲಿಲ್ಲ, ವೆಲ್ಲೂ ಅನ್ಲಿಲ್ಲ! ಯಾರೋ ವೇಸ ಆಕ್ಕಂಡ್ ಬಂದವ್ರೆ! ಕೊಡ್ರೀ ಹಾರ!”

ಅವನು ಅಮೆರಿಕಾದ ಮುದುಕನ ಕೊರಳಿಗೆ ಕೈ ಹಾಕಿ ಹಾರ ಬಿಚ್ಚತೊಡಗಿದ. ಇದೂ ಪದ್ಧತಿ ಇರಬೇಕೆಂದು ಮುದುಕ ತಲೆ ಬಗ್ಗಿಸಿಕೊಟ್ಟ. ಪುಟ್ಟತಾಯಮ್ಮ ಬೆಂಚಿನಿಂದ ಎದ್ದು ನಿಂತು, “ಬುಡ್ರೀ, ಉಂಡೋರ ಕೊರಳಿಗೆ ಕೈ ಆಕ್ಬಾರ್ದು!” ಎಂದು ಕೂಗಿದಳು. ಮಹೇಂದ್ರನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅತಿಥಿಗಳ ಮಾನ ಉಳಿಯಬೇಕು. ಅವನಿಗೆ ತೋಚಿದ್ದು ಒಂದೇ ದಾರಿ. ಮುದುಕನ ಬೆನ್ನ ಹಿಂದೆ ಸರಿದು, ಆ ಅಗಲ ಭುಜದ ಮರೆಯಲ್ಲಿ ನಿಂತು, ಮೂಗು ಏರಿಸಿದ.

“ವೆಲ್ಲೂ! ಮಿಸ್ಟರ್ ಕಂಟಾಪ್ಪಾ! ವಾಟ್ ಎತ್ತು...”

“ಆಂ! ಅಂಗ್ ಮಾತಾಡ್ರೀ ಮತ್ತೆ!” ಎಂದು ಕಂಠಪ್ಪ ಅರಳಿದ.

ಸರಿಯಾಗಿ ಆಗಲೇ ಅಮೆರಿಕಾದ ಮುದುಕ ಶೇಕದಾರನ ಕತ್ತು ಸವರಲು ಬಗ್ಗಿದ.

ಪರದೆ ಬಿದ್ದು ವೇಷ ಉಳಿದ ಹಾಗಾಯಿತು. ದೊರೆ ಬಗ್ಗಿ ಎತ್ತಿನ ಕತ್ತು ಸವರುತ್ತಿದ್ದ. ದೊರೆಯ ದನಿ ಮಾತ್ರ ಮೇಲೆಯೇ ನಿಂತು “ಮಂಡೇ ನೋ ವರ್ಕ್” ಎನ್ನುತ್ತಿತ್ತು. ಆ ದನಿಯ ಸುತ್ತ ಮಹೇಂದ್ರನ ಮುಖವಿತ್ತು: ಒಂದು ಹೊಳ್ಳೆ ಆಕಾಶಕ್ಕೆ, ಮೇಲ್ದುಟಿ ಎಡಕ್ಕೆ, ಕಣ್ಣೊಂದು ಮುಚ್ಚಿ, ಇನ್ನೊಂದು ಕಣ್ಣು ಕಂಠಪ್ಪನನ್ನೇ ನೋಡುತ್ತ.

ಕಂಠಪ್ಪನ ಕಂಕುಳಲ್ಲಿದ್ದ ಬಾರುಕೋಲು ಕೈಗೆ ಬಂದಿತ್ತು. ಮಹೇಂದ್ರನ ಮೂಗು ಇಳಿಯಿತು, ತುಟಿ ಇಳಿಯಲು ಮರೆತು ಹಾಗೇ ನಿಂತಿತ್ತು.

“ಇನ್ನೊಂದ್ಸಲ ಅನ್ನು” ಎಂದ ಕಂಠಪ್ಪ, ಮೆಲ್ಲಗೆ.

“ಮಾವ, ತಪ್ಪಾಯ್ತು...”

“ಅನ್ನು ಅಂದೆ.”

“ವೆಲ್ಲೂ” ಎಂದ ಮಹೇಂದ್ರ, ಅಳುವ ದನಿಯಲ್ಲಿ. ಅಳುವಾಗಲೂ ಅನುಕರಣೆ ಅಚ್ಚುಕಟ್ಟಾಗಿತ್ತು.

ಕಂಠಪ್ಪ ಹತ್ತಿರ ಬಂದು ಆ ಬಾಯನ್ನೇ ನೋಡಿದ. ಎಡಕ್ಕೆ ಜಾರಿದ ಆ ತುಟಿ ಮೈಸೂರಿನ ಕಾಲೇಜಿನದಲ್ಲ, ಜಿನೀವಾದ್ದಲ್ಲ, ಯಾವ ಬಿಳಿಯರದ್ದೂ ಅಲ್ಲ. ಅದು ತಮ್ಮ ಮನೆಯ ತುಟಿ. ಗಾಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂತಾಗ ಆ ಕಡೆ ಏನು ನಡೆಯುತ್ತಿತ್ತು ಎಂಬುದು ಅವನಿಗೆ ಈಗ ಕಂಡಿತು: ಮುಂದಕ್ಕೆ ಮುಖ ಮಾಡಿ, ಎತ್ತುಗಳ ಬೆನ್ನಿಗೆ ಬಿಟ್ಟು ಇನ್ನಾರಿಗೂ ಕಾಣದ ಹಾಗೆ, ಹೊಳ್ಳೆ ಏರಿಸಿ, ತುಟಿ ಜಾರಿಸಿ, ಒಂದು ಕಣ್ಣು ಮುಚ್ಚಿ ಕೂತ ತಾತ. ಎತ್ತಿಗೆ ಅಮಲ್ದಾರ ಎಂದು ಹೆಸರಿಟ್ಟ ತಾತ. ಇಂಥವನು ದೊರೆಯೊಬ್ಬನನ್ನು ಹುಟ್ಟಿಸಲು ದೊರೆ ಬರಲೇಬೇಕೇ?

ಮೊದಲು ಅವನ ಹೊಟ್ಟೆ ಅಲುಗಿತು. ಬಾರುಕೋಲು ಕೆಳಗೆ ಬಿತ್ತು. ಹೊಡೆಯಲು ಬಗ್ಗಿ ಎತ್ತಿಕೊಳ್ಳುತ್ತಾನೆಂದು ಮಹೇಂದ್ರ ಕಣ್ಣು ಮುಚ್ಚಿದ. ಕಂಠಪ್ಪ ಬಗ್ಗಿದ್ದು ನಿಜ, ಎತ್ತಿಕೊಳ್ಳಲು ಅಲ್ಲ, ನಿಲ್ಲಲಾಗದೆ.

“ತಾತ! ಅಯ್ಯೋ ನಮ್ಮ್ ಕಳ್ಳ ತಾತ!” ಎಂದ. “ಎತ್ತು ಈಯ್ತು ಅಂದ ಕಣೋ ಆವಯ್ಯ! ನಾನು ಇಷ್ಟ್ ಕಾಲ ಕೊಟ್ಟಿಗೇಲಿ ಕರು ಕಟ್ಟಿ ಹುಲ್ಲಾಕ್ತಾ ಇವ್ನಿ! ಜಿನೀವಾದ್ ಫೋನಿಗೂ ಕೈ ಮುಗ್ದೆ! ದೊರೆಯಂತೆ, ಮುದ್ದೆ ಜಗಿದ್ನಂತೆ...” ನಗು ಬಂತು.

ಅದು ಹಂಪಾಪುರ ಹಿಂದೆ ಕೇಳಿದ ನಗುವಲ್ಲ. ಊರು ಅವನನ್ನು ನಕ್ಕ ನಗುವನ್ನೆಲ್ಲ ಯಾರೋ ಕೂಡಿಟ್ಟು ಒಂದೇ ಸಲ ವಾಪಸು ಕೊಟ್ಟಂತಿತ್ತು. ಯಶೋದಮ್ಮ ನಕ್ಕಳು, ಪುಟ್ಟತಾಯಮ್ಮ ಹೊಸ ಸೀರೆಯ ಸೆರಗು ಕಚ್ಚಿ ನಕ್ಕಳು, ಮಾದೇಶ ಸ್ಟೇರಿಂಗಿಗೆ ಬಿದ್ದು ನಕ್ಕ, ಏನೂ ಗೊತ್ತಿಲ್ಲದ ನಾಲ್ವರು ಪರದೇಶಿಗಳು ಎಲ್ಲ ಗೊತ್ತಿದ್ದವರಂತೆ ನಕ್ಕರು. ಮಹೇಂದ್ರನಿಗೆ ಅಳುವೂ ನಗುವೂ ಒಂದೇ ಹೊಳ್ಳೆಯಲ್ಲಿ ಬಂದವು. ಆದರೆ ಅಷ್ಟೂ ನಗುಗಳ ಮೇಲೆ ಹತ್ತಿ ನಿಂತದ್ದು ಕಂಠಪ್ಪನ ನಗು. ಅದರ ಕೊನೆಯಲ್ಲಿ, ಅವನಿಗೇ ತಿಳಿಯದೆ, ಎತ್ತು ಸೀನಿದಂಥ ಒಂದು ‘ವೆಲ್ಲೂ’ ಇತ್ತು.

ಹಾರನ್ನಿಗೆ ಏಳದ, ಬಾರುಕೋಲಿಗೆ ಏಳದ, ಬಸವಣ್ಣನ ವಾರ ಯಾರಿಗೂ ಏಳದ ಶೇಕದಾರ ಬೆಚ್ಚಿ ಎದ್ದು ನಿಂತ. ರಸ್ತೆ ತೆರವಾಯಿತು. ಜೀಪು ಹತ್ತಲು ಮಾತ್ರ ಯಾರಿಗೂ ಮನಸ್ಸಿರಲಿಲ್ಲ. ಕಂಠಪ್ಪ ಇನ್ನೂ ನಗುತ್ತಿದ್ದ.